ಅವ್ವ ರಿವೆಟ್ ಬಿಚ್ಚಿದ್ದು

ಭಾಲ್ಕಿಯಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆಗೆ ಎರಡೇ ಕೋಣೆ. ಒಳಗಿನದರಲ್ಲಿ ಒಲೆ, ನೀರಿನ ಹರವಿ, ಹಾಸಿಗೆ ಪೇರಿಸುವ ಮಂಚ. ಇಷ್ಟಕ್ಕೇ ಜಾಗ ಮುಗಿದುಹೋಗುತ್ತಿತ್ತು. ಹೊರಗಿನದು ಪಡಸಾಲೆ, ಅದಕ್ಕೆ ಪೂರ್ವಕ್ಕೊಂದು ದೊಡ್ಡ ಕಿಟಕಿ. ಕಿಟಕಿಯ ಎದುರಿನ ಗೂಡಿನಲ್ಲಿ ಮೊಳದುದ್ದದ ಬುದ್ಧನ ಮೂರ್ತಿ. ಅದನ್ನು ನನ್ನ ಆಯಿ, ಅಂದರೆ ಅಪ್ಪನ ತಾಯಿ, ಬೀದರಿನಿಂದ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಅದರ ಮುಂದೆ ಕೂತು ವಂದನೆ ಹೇಳಬೇಕು. ಪಾಳಿ ಭಾಷೆಯ ಆ ಸಾಲುಗಳ ಅರ್ಥ ಆಯಿಗೆ ಪೂರಾ ಗೊತ್ತಿರಲಿಲ್ಲ. ಆದರೆ ಯಾರಾದರೂ ಒಂದು ಅಕ್ಷರ ನುಂಗಿದರೆ ಥಟ್ಟನೆ ತಿಳಿಯುತ್ತಿತ್ತು. ನಡುವೆ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದಳು. ಹೊಟ್ಟೆ ಹಸಿದ ದಿನಗಳಲ್ಲಿ ನಾನು ಒಂದೂ ತಪ್ಪಿಲ್ಲದೆ, ಗಂಟೆ ಬಡಿದ ಹಾಗೆ ಹೇಳಿ ಮುಗಿಸುತ್ತಿದ್ದೆ.

ಅಪ್ಪ ಬಜಾರಿನ ಒಂದು ಟ್ರಂಕಿನ ಅಂಗಡಿಯಲ್ಲಿ ರಿವೆಟ್, ಅಂದರೆ ತಗಡಿಗೆ ತಗಡು ಕೂಡಿಸುವ ದಪ್ಪ ತಲೆಯ ಮೊಳೆ, ಬಡಿಯುತ್ತಿದ್ದ. ತಗಡು ಕತ್ತರಿಸಿ ಮಡಚುವವರು ಬೇರೆ, ಬಣ್ಣ ಹಚ್ಚಿ ಗುಲಾಬಿ ಹೂ ಬರೆಯುವವರು ಬೇರೆ. ಹಿಡಿಕೆ, ಚಿಲಕ, ಮೂಲೆಯ ಪಟ್ಟಿ ಕೂಡಿಸುವುದು ಅಪ್ಪನ ಕೆಲಸ. ಮದುವೆಯ ಹಂಗಾಮಿನಲ್ಲಿ ಅವನಿಗೆ ಊಟಕ್ಕೆ ಬರಲೂ ಬಿಡುವಿರುತ್ತಿರಲಿಲ್ಲ. ಬುತ್ತಿ ಒಯ್ದು ಕೊಡುವಾಗ ನಾನು ಅಲ್ಲೇ ನಿಂತು ನೋಡುತ್ತಿದ್ದೆ. ಮೂರು ಪೆಟ್ಟು, ಒಂದು ರಿವೆಟ್. ನಾಲ್ಕನೆಯ ಪೆಟ್ಟು ಬೇಕಾದರೆ ಅದು ತನ್ನ ಮರ್ಯಾದೆಯ ಪ್ರಶ್ನೆ ಎನ್ನುವ ಹಾಗೆ ಮುಖ ಮಾಡುತ್ತಿದ್ದ. ಆಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು. ಮದುವೆಗಳು ನಿಂತವು, ಮದುವೆಯ ಟ್ರಂಕುಗಳೂ ನಿಂತವು, ಅಂಗಡಿ ಬಾಗಿಲು ಹಾಕಿತು. ಮನೆಯಲ್ಲಿ ಬಿಳಿಜೋಳ ಮುಗಿದು ಸರಕಾರ ಹಂಚುವ ಕೆಂಪು ಜೋಳ ಬಂತು. ಆ ಹಿಟ್ಟಿಗೆ ಜಿಗಿ ಇರಲಿಲ್ಲ, ತಟ್ಟಿದರೆ ರೊಟ್ಟಿ ಅಂಚಿನಲ್ಲೆಲ್ಲ ಬಿರಿಯುತ್ತಿತ್ತು. ಅವ್ವ ಅದನ್ನು ಹೇಗೋ ಕೂಡಿಸಿ ಹಂಚಿನ ಮೇಲೆ ಜಾರಿಸುತ್ತಿದ್ದಳು. ಆಯಿ ಔರಾದಿನ ರಸ್ತೆಯ ಬರಗಾಲದ ಕೆಲಸಕ್ಕೆ ಜಲ್ಲಿ ಒಡೆಯಲು ಹೋದಳು. ಔರಾದು ಅವ್ವನ ತವರು. ಆ ಕಡೆಯ ಜನ ಗುಂಪುಗುಂಪಾಗಿ ಮುಂಬಯಿಗೆ ಹೊರಟಿದ್ದರು. ಒಂದು ದಿನ ಅಪ್ಪನೂ ಅವರ ಜೊತೆ ಗಾಡಿ ಹತ್ತಿದ.

ಹೋದವರಲ್ಲಿ ಹೆಚ್ಚಿನವರು ಕಟ್ಟಡದ ಕೆಲಸಕ್ಕೆ ಸೇರಿದರು. ಅಪ್ಪನಿಗೆ ಸಿಕ್ಕಿದ್ದು ಸಮುದ್ರದ ದಂಡೆಯ ಒಂದು ದೋಣಿ ರಿಪೇರಿ ಶೆಡ್ಡು. ಅಲ್ಲಿಗೆ ಬರುತ್ತಿದ್ದವು ಮೀನುಗಾರರ ದೋಣಿಗಳಲ್ಲ. ಸಾಹೇಬರು ರವಿವಾರ ಗಾಳಿಗೆ ಓಡಿಸುವ ಹಾಯಿದೋಣಿಗಳು. ಅವುಗಳ ಕಂಬ ಅಲ್ಯುಮಿನಿಯಂದು, ಹಾಯಿಯ ಹಗ್ಗ ಓಡುವ ಸಣ್ಣ ಗಾಲಿಗಳು ಉಕ್ಕಿನವು, ಅವನ್ನೆಲ್ಲ ಹಿಡಿದಿಡುವುದು ರಿವೆಟ್. ಉಪ್ಪುನೀರಿಗೆ ಅವು ಸಡಿಲಾಗುತ್ತಿದ್ದವು. ಅಪ್ಪನ ಟ್ರಂಕಿನ ಕೈ ನೋಡಿ ಅಲ್ಲಿನ ಹಿರಿಯ ಮಿಸ್ತ್ರಿ ಪಾಸ್ಕಲ್ ಅವನನ್ನು ಇಟ್ಟುಕೊಂಡ.

ಮಳೆಗಾಲದಲ್ಲಿ ಸಮುದ್ರ ಕೆರಳಿರುತ್ತದೆ, ದೋಣಿಗಳನ್ನೆಲ್ಲ ದಂಡೆಗೆ ಎಳೆದು ಹಾಕುತ್ತಾರೆ. ಆಗ ಬಿಚ್ಚಿದ ಸಾಮಾನುಗಳನ್ನು ನಂಬಿಕೆಯ ಕೆಲಸಗಾರರು ಮನೆಗೆ ಒಯ್ದು ಸರಿಮಾಡಿ, ಮಳೆ ಮುಗಿದ ಮೇಲೆ ತಂದು ಕೊಡಬಹುದಿತ್ತು. ಹಾಗೆ ಆ ವರ್ಷ, ನಮ್ಮ ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಆಷಾಢದಲ್ಲಿ, ಅಪ್ಪ ಒಂದು ಗೋಣಿಚೀಲ ಹೊತ್ತುಕೊಂಡು ಸ್ಟೇಷನ್ನಿನಿಂದ ನಡೆದು ಬಂದ. ಪಡಸಾಲೆಯಲ್ಲಿ ಅದನ್ನು ಸುರಿದಾಗ ಮನೆ ತುಂಬ ಗಲಗಲ ಸದ್ದಾಯಿತು. ಅಂಗೈಯಗಲದ ಗಾಲಿಗಳು, ಹಗ್ಗವನ್ನು ಕಚ್ಚಿ ಹಿಡಿಯುವ ಹಲ್ಲಿನ ಪಟ್ಟಿಗಳು, ಕೊಕ್ಕೆಗಳು. ಆಯಿ ಒಂದು ಗಾಲಿಯನ್ನು ಎತ್ತಿ ತಿರುಗಿಸಿದಳು.

“ಇವೇನೋ ಇವು? ಬಾವಿ ರಾಟಿ ಮರಿ ಹಾಕ್ಯಾವೇನು?”

ಅಪ್ಪ ನಕ್ಕ. ಎಂಟು ತಿಂಗಳ ಮೇಲೆ ಕೇಳಿದ ಆ ನಗುವಿನಲ್ಲೇ ನಾನು ಅವನನ್ನು ಗುರುತು ಹಿಡಿದದ್ದು. ಅಷ್ಟು ಸೊರಗಿದ್ದ.

ಕೆಲಸ ಕಿಟಕಿಯ ಬೆಳಕಿನಲ್ಲೇ ಆಗಬೇಕು. ಅಂದರೆ ಬುದ್ಧನ ಎದುರಿಗೇ. ಆಯಿ ಒಂದು ಕರಾರು ಹಾಕಿದಳು: ದೀಪದ ಹೊತ್ತಿಗೆ ನೆಲದಲ್ಲಿ ಒಂದೂ ಲೋಹದ ಚೂರು ಇರಕೂಡದು. ಗುಡಿಸಿದರೂ ಸಣ್ಣ ಚೂರುಗಳು ಉಳಿದು ಅಂಗಾಲಿಗೆ ಚುಚ್ಚುತ್ತಿದ್ದವು, ಒರೆಸಲು ನೀರಿಲ್ಲ. ಆಯಿ ಒಣಗಿದ ಕೆರೆಯ ಮಣ್ಣನ್ನು ಒಂದು ಹಿಡಿ ನೀರಿನಲ್ಲಿ ಕಲಸಿ ಉಂಡೆ ಮಾಡಿ, ಅದನ್ನು ನೆಲದ ಮೇಲೆ ಒತ್ತುತ್ತ ಹೋಗುವುದನ್ನು ಕಂಡುಹಿಡಿದಳು. ಸಂಜೆಗೆ ಉಂಡೆಯ ಮೈಯೆಲ್ಲ ಮಿಣಮಿಣ ಹೊಳೆಯುತ್ತಿತ್ತು. ಅದನ್ನು ಬಿಸಾಕದೆ ಮರುದಿನಕ್ಕೆ ಮತ್ತೆ ಮೆತ್ತಗೆ ಮಾಡುವುದು ನನ್ನ ಪಾಲಿನ ಕೆಲಸ.

ರಿವೆಟ್ ಹಾಕುವುದಕ್ಕಿಂತ ಬಿಚ್ಚುವುದು ಕಷ್ಟ ಎಂದು ನಾನು ಕಲಿತದ್ದು ಆ ಪಡಸಾಲೆಯಲ್ಲಿ. ಮುಂದೆ ಬೀದರಿನ ಒಂದು ತರಬೇತಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಫಿಟ್ಟರ್ ಕೆಲಸ ಕಲಿಸಿದ ನಾನು, ಪ್ರತಿ ವರ್ಷದ ಮೊದಲ ಪಾಠದಲ್ಲಿ ಹುಡುಗರಿಗೆ ಹೇಳುತ್ತಿದ್ದುದು ಅದನ್ನೇ. ದೋಣಿಯ ರಿವೆಟ್ ಟ್ರಂಕಿನದರ ಹಾಗೆ ಗಟ್ಟಿಯಲ್ಲ, ಟೊಳ್ಳು; ಹಳೆಯದರ ನಡುವಿನಲ್ಲಿ ಅದನ್ನು ಬಿಗಿದ ಒಂದು ಸಣ್ಣ ಉಕ್ಕಿನ ಮೊಳೆಯ ತುಂಡು ಉಳಿದಿರುತ್ತದೆ. ಮೊದಲು ಅದನ್ನು ತೆಳ್ಳನೆಯ ಉಳಿಯಿಂದ ಹೊರಗೆ ದಬ್ಬಬೇಕು. ಆಮೇಲೆ ಕೈ ಬೈರಿಗೆಯಿಂದ ರಿವೆಟ್ಟಿನ ತಲೆಯನ್ನು ಮಾತ್ರ, ತಲೆಯನ್ನಷ್ಟೇ, ಮೆಲ್ಲಗೆ ಕೊರೆಯಬೇಕು. ಸರಿಯಾಗಿ ಕೊರೆದರೆ ಅದು ಉಂಗುರದ ಹಾಗೆ ಕಳಚಿ ಬೈರಿಗೆಯ ಮೂತಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಕೂದಲೆಳೆ ಆಚೀಚೆ ಆದರೂ ಬೈರಿಗೆ ಕೆಳಗಿನ ಲೋಹವನ್ನು ತಿನ್ನುತ್ತದೆ, ದುಂಡಗಿನ ತೂತು ಕೋಳಿಮೊಟ್ಟೆಯ ಹಾಗಾಗುತ್ತದೆ. ಅಂಥ ತೂತಿನಲ್ಲಿ ಹೊಸ ರಿವೆಟ್ ನಿಂತ ಹಾಗೆ ಕಾಣುತ್ತದೆ, ನಿಲ್ಲುವುದಿಲ್ಲ.

ಅಪ್ಪ ಬಂದು ಮೂರು ವಾರವಾಗಿರಬೇಕು. ಮುಗಿದ ಗಾಲಿಗಳು ಒಂದು ಡಬ್ಬಿ ತುಂಬಿದ್ದವು. ಆ ದಿನಗಳಲ್ಲಿ ಅವ್ವ ಅಪ್ಪನನ್ನು ಒಂದು ಥರ ನೋಡುತ್ತಿದ್ದಳು. ಅವನು ನೀರಿನ ತಂಬಿಗೆಗೆ ಕೈ ಚಾಚಿದರೆ ಕೈ ತಂಬಿಗೆಯ ಪಕ್ಕದ ಗಾಳಿಯನ್ನು ಹಿಡಿಯುತ್ತಿತ್ತು. ನಾನು ಬಲಗಡೆಯಿಂದ ಬಂದರೆ ಬೆಚ್ಚಿ ಬೀಳುತ್ತಿದ್ದ. ಒಂದು ಮಧ್ಯಾಹ್ನ ಅವನು ಬಜಾರಿಗೆ ಹೋದಾಗ ಅವ್ವ ಡಬ್ಬಿಯಿಂದ ಒಂದು ಗಾಲಿ ತೆಗೆದು ಕಿಟಕಿಗೆ ಹಿಡಿದಳು. ರಿವೆಟ್ಟಿನ ತಲೆಯ ಕೆಳಗೆ ತನ್ನ ಉಗುರು ತೂರಿಸಿದಳು. ಉಗುರು ಒಳಗೆ ಹೋಯಿತು. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಆಮೇಲೆ ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟು ಒಲೆಯ ಮುಂದೆ ಹೋಗಿ ಕೂತಳು. ಅಪ್ಪ ಬಂದು ಊಟಕ್ಕೆ ಕೂತಾಗ ತಾಟಿಗೆ ಬೇಳೆ ಬಡಿಸಿ, ಸಣ್ಣ ದನಿಯಲ್ಲಿ ಕೇಳಿದಳು.

“ಬಲಗಣ್ಣಿಗೆ ಏನ್ ಆಗ್ಯಾದರಿ?”

“ಏನಾಗ್ಯಾದ? ಏನೂ ಆಗಿಲ್ಲ.”

“ಹಂಗಂದ್ರ ಎಡಗಣ್ಣ ಮುಚ್ಚಿ ನನ್ನ ಕೈಯಾಗ ಎಷ್ಟು ಬಟ್ಟಾವ ಹೇಳ್ರಿ.”

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಶೆಡ್ಡಿನಲ್ಲಿ ಒಂದು ದಿನ ಕೊರೆಯುವಾಗ ಉಕ್ಕಿನ ಚೂರು ಸಿಡಿದು ಕಣ್ಣಿಗೆ ಬಡಿದಿತ್ತು. ಹೇಳಿದರೆ ಕೆಲಸದಿಂದ ತೆಗೆಯುತ್ತಾರೆಂದು ಯಾರಿಗೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ಈಗ ಹೇಳುವಾಗಲೂ ಬುದ್ಧನ ಗೂಡಿನ ಕಡೆ ಮುಖ ಮಾಡಿ ಹೇಳಿದ.

“ಅಂದ್ರ ಈ ಡಬ್ಬಿ ತುಂಬ ಮಾಡಿದ್ದು ಸಡಿಲ ಅದರಿ. ನಿಮಗೂ ಗೊತ್ತದ,” ಎಂದಳು ಅವ್ವ.

“ಮ್ಯಾಲಿಂದ ನೋಡಿದ್ರ ಯಾರಿಗೂ ಗೊತ್ತಾಗಂಗಿಲ್ಲ.”

“ಮ್ಯಾಲಿಂದ ನೋಡಂಗಿಲ್ರಿ ಅವ್ರು. ಆ ಹಗ್ಗಕ್ಕ ಜೋತು ಬಿದ್ದಿರ್ತಾರ. ನಡು ನೀರಾಗ ಗಾಲಿ ಕಿತ್ತು ಬಂದ್ರ?”

“ಮತ್ತ ಏನ್ ಮಾಡಲಿ? ಕುರುಡ ಆಗೀನಿ ಅಂತ ಡಂಗುರ ಸಾರಲಿ? ಸಾರಿದ್ರ ನೀ ಏನ್ ತಿಂತಿ, ಈ ಹುಡುಗಿ ಏನ್ ತಿಂತದ?”

ಅಪ್ಪ ತಾಟು ಸರಿಸಿದ. ನಮ್ಮ ಮನೆಯಲ್ಲಿ ಆ ವರ್ಷ ತಾಟು ಸರಿಸುವುದೆಂದರೆ ಸಣ್ಣ ಮಾತಲ್ಲ. ಎದ್ದು ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ಕಡೆ ನಡೆದ. ಅವನ ಸಿಟ್ಟಿನ ಜಾಗ ಯಾವಾಗಲೂ ಅದೇ, ಪ್ಲಾಟ್‌ಫಾರಂನ ಬೇವಿನ ಕೆಳಗಿನ ಕಲ್ಲುಬೆಂಚು. ಆ ದಿನ ಜಲ್ಲಿಯ ಕೆಲಸಕ್ಕೆ ರಜೆ, ಆಯಿ ಇಷ್ಟೂ ಹೊತ್ತು ಬಾಗಿಲಲ್ಲಿ ಕೂತು ಕೇಳಿದ್ದಳು. ಈಗ ಸೊಸೆಗೆ ಬೈಗುಳ ಗ್ಯಾರಂಟಿ ಎಂದುಕೊಂಡೆ. ಅವಳು ಅಪ್ಪನ ತಾಟನ್ನು ಬುಟ್ಟಿಯಿಂದ ಮುಚ್ಚಿಟ್ಟಳು.

“ಶಾಂತಾ, ನಿನ್ನ ಕಣ್ಣು ಬರಾಬರ್ ಅವಲ್ಲ?”

“ಅವರಿ ಅತ್ತಿ.”

“ಮತ್ತ ಕುಂತೀ ಯಾಕ? ನಾ ಈ ವಯಸ್ಸಿನ್ಯಾಗ ಕಲ್ಲ ಒಡೀಲತ್ತೀನಿ. ನಿನಗ ಅಷ್ಟು ಸಣ್ಣ ಮೊಳಿ ತಗೀಲಾಕ ಬರಂಗಿಲ್ಲ?”

ಅವ್ವ ಸೆರಗು ಸಿಕ್ಕಿಸಿ ಕಿಟಕಿಯ ಕೆಳಗೆ ಕೂತಳು. ಗಾಲಿಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಬೈರಿಗೆಯ ಹಿಡಿ ತಿರುಗಿಸಿದಳು. ಅದು ಜಾರಿ ಪಟ್ಟಿಯ ಮೇಲೆ ಉದ್ದಕ್ಕೆ ಗೀರಿತು. ಮತ್ತೆ ಇಟ್ಟಳು. ಮೂರನೆಯ ಸಲ ಜೋರಾಗಿ ಒತ್ತಿದಾಗ ಬೈರಿಗೆಯ ಮೂತಿ ಟಕ್ಕೆಂದು ಮುರಿಯಿತು. ಮನೆಯಲ್ಲಿದ್ದದ್ದು ಅಂಥವು ಎರಡೇ. ನನಗೆ ಅಳು ಬಂತು. ಅವ್ವ ಅಳಲಿಲ್ಲ, ಮುರಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಅಷ್ಟು ಹೊತ್ತಿಗೆ ಅಪ್ಪ ವಾಪಸು ಬಂದು ಹೊಸ್ತಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬೈಯುತ್ತಾನೆಂದು ನಾನು ಗೋಡೆಗೆ ಅಂಟಿದೆ. ಅವನು ಚಪ್ಪಲಿ ಬಿಟ್ಟು ಒಳಬಂದು ಅವ್ವನ ಹಿಂದೆ ಕೂತ.

“ತಪ್ಪಾತು ನೋಡು. ಮೊದ್ಲ ನಡುವಿನ ಮೊಳಿ ಹೊರಗ ದಬ್ಬಬೇಕು. ಉಕ್ಕಿನ ಮ್ಯಾಲ ಬೈರಿಗಿ ನಡ್ಯಂಗಿಲ್ಲ.”

ಹೆಗಲ ಮೇಲಿನಿಂದ ಕೈ ತಂದು ಅವಳ ಎರಡೂ ಕೈಗಳ ಮೇಲೆ ತನ್ನ ಕೈ ಇಟ್ಟ. ಮನೆಯಲ್ಲಿ ಅವರು ಹಾಗೆ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಆಯಿ ತಕ್ಷಣ ಎದ್ದು, ಬೇಕಿಲ್ಲದಿದ್ದರೂ, ಒಳಗೆ ಹೋಗಿ ಹರವಿಯ ಮುಚ್ಚಳ ತೆಗೆದು ಹಾಕಿದಳು.

“ಒತ್ತಬ್ಯಾಡ. ಅದು ತಾನೇ ತಿಂತದ. ಸದ್ದು ಕೇಳು. ಈಗ ತಲಿ ಕೊರೀಲತ್ತದ. ಇಕ, ಈಗ ಸದ್ದು ದಪ್ಪ ಆತಲ್ಲ, ನಿಲ್ಲಸು.”

ಉಳಿದ ಒಂದೇ ಮೂತಿಯ ತುದಿಯಲ್ಲಿ ಬೆಳ್ಳಿಯ ಮೂಗುಬೊಟ್ಟಿನಂಥ ಉಂಗುರ ಮೇಲೆದ್ದು ಬಂತು. ಅವ್ವ ಅದನ್ನು ಕಿತ್ತು ನನ್ನ ಕೈಗೆ ಹಾಕಿದಳು. ಬಿಸಿಯಾಗಿತ್ತು.

ಮರುದಿನವೇ ಅಪ್ಪ, ಅವ್ವ, ನಾನು ಮೂವರೂ ಬೀದರಿಗೆ ಹೋದೆವು. ದವಾಖಾನೆಯ ಡಾಕ್ಟರು ಅಪ್ಪನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಬಲಗಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಎಡಗಣ್ಣನ್ನಾದರೂ ಜೋಪಾನ ಮಾಡು, ಚೂರು ಸಿಡಿಯುವ ಕೆಲಸ ಬಿಡು ಎಂದರು. ಹೊರಗೆ ಬಂದು ಅಪ್ಪ ದವಾಖಾನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವ್ವನೇ ಅವನನ್ನು ಎಬ್ಬಿಸಿ ಹಳೇ ಊರಿನ ಒಂದು ಗಲ್ಲಿಗೆ ನಡೆಸಿದಳು. ಅಲ್ಲಿ ಬಿದ್ರಿ ಹೂಜಿಗಳ ಮೇಲೆ ಬೆಳ್ಳಿ ತುಂಬಲು ಕೆತ್ತುವವರು ತಮ್ಮ ಉಳಿಗಳನ್ನು ತಾವೇ ಮಾಡಿಕೊಳ್ಳುತ್ತಾರೆ. ಬಿಳಿಗಡ್ಡದ ಒಬ್ಬ ಚಾಚಾ ಅವ್ವ ತೋರಿಸಿದ ಮುರಿದ ಮೂತಿಯನ್ನೂ ಹಳೆಯ ರಿವೆಟ್ಟನ್ನೂ ನೋಡಿದರು.

“ಇಷ್ಟು ಬಾರೀಕ್ ಕೆಲಸ ಯಾರು ಮಾಡ್ತಾರಮ್ಮ?”

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಹೇಳಿದ:

“ಈಕಿ ಮಾಡ್ತಾಳ್ರಿ ಚಾಚಾ.”

ಚಾಚಾ ಅವ್ವನ ಕೈ ಹಿಡಿಯ ಅಳತೆ ನೋಡಿ ಅದಕ್ಕೆ ತಕ್ಕಂತೆ ಗಿಡ್ಡನೆಯ ಉಳಿಯೊಂದನ್ನು ಕಾಸಿ ಬಡಿದು, ಹದ ಕೊಟ್ಟು, ಕಲ್ಲಿಗೆ ಉಜ್ಜಿ ಕೊಟ್ಟರು. ಬೈರಿಗೆಗೆ ಹೊಸ ಮೂತಿ ಪೇಟೆಯಲ್ಲಿ ಸಿಕ್ಕಿತು.

ಆಮೇಲಿನ ಎರಡು ತಿಂಗಳು ನಮ್ಮ ಪಡಸಾಲೆಯಲ್ಲಿ ನಡೆದದ್ದು ಬಿಚ್ಚುವುದು, ಮತ್ತೆ ಹಾಕುವುದು. ಅಪ್ಪ ಮಾಡಿದ್ದನ್ನೆಲ್ಲ ಅವ್ವ ಒಂದೊಂದಾಗಿ ಬಿಚ್ಚಿದಳು. ತನ್ನ ಕೈಕೆಲಸವನ್ನು ಹೆಂಡತಿ ಕೊರೆದು ತೆಗೆಯುವುದನ್ನು ಕೇಳುತ್ತ ಅವನು ಗೋಡೆಗೆ ಒರಗಿ ಕೂತಿರುತ್ತಿದ್ದ. ಮೊದಮೊದಲು ಮುಖ ಗಂಟಿಕ್ಕಿರುತ್ತಿತ್ತು, ಆಮೇಲಾಮೇಲೆ ಸದ್ದಿನಲ್ಲೇ ಹೇಳತೊಡಗಿದ, ಇದು ಸರಿ, ಇದು ತುಸು ಎಡಕ್ಕೆ ಸರಿದಿದೆ ಎಂದು. ಉಕ್ಕು, ಅಲ್ಯುಮಿನಿಯಂ ಕೂಡುವಲ್ಲಿ ಉಪ್ಪಿನಿಂದ ಬಿಳಿಯ ಪುಡಿ ಕಟ್ಟಿರುತ್ತಿತ್ತು. ಅದನ್ನು ಕೆರೆದು, ಎರಡರ ನಡುವೆ ಶೆಡ್ಡಿನವರು ಕೊಟ್ಟ ಹಳದಿ ಲೇಪ ಸವರಿ, ಹೊಸ ರಿವೆಟ್ ಇಟ್ಟು ಅದನ್ನು ಬಿಗಿಯುವ ಕೈಯಂತ್ರದ ಎರಡು ಹಿಡಿಗಳನ್ನು ಒತ್ತಬೇಕು. ಒಳಗಿನ ಮೊಳೆ ಎಳೆದು ಎಳೆದು ಪಟ್ಟನೆ ಹರಿಯುತ್ತದೆ. ಅವ್ವನ ಅಂಗೈಯಲ್ಲಿ ಮೊದಲು ಬೊಬ್ಬೆ ಬಂದವು, ಆಮೇಲೆ ಜಡ್ಡುಗಟ್ಟಿದವು. ಆ ಜಡ್ಡಿನ ಕೈಯಲ್ಲಿ ತಟ್ಟಿದರೆ ಕೆಂಪು ಜೋಳದ ರೊಟ್ಟಿ ಬಿರಿಯುವುದಿಲ್ಲ ಎಂದು ಅಪ್ಪ ಒಂದು ದಿನ ಹೇಳಿದ. ಅದು ಸುಳ್ಳು, ಬಿರಿಯುತ್ತಲೇ ಇತ್ತು. ಆದರೆ ಅವ್ವ ಆ ದಿನ ಅವನಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು.

ಒಂದೇ ಒಂದು ತುಣುಕು ಸರಿಯಾಗಲಿಲ್ಲ. ಕಂಬದ ತುದಿಗೆ ಕೂಡುವ ದೊಡ್ಡ ಗಾಲಿಯ ಪಟ್ಟಿ. ಅದರ ತೂತು ಪೂರಾ ಹಿಗ್ಗಿಹೋಗಿತ್ತು. ಅವ್ವ ಅದಕ್ಕೆ ಒಂದು ಕೆಂಪು ದಾರ ಕಟ್ಟಿ ಬೇರೆ ಇಟ್ಟಳು.

ಮಳೆಗಾಲ ಮುಗಿದ ಮೇಲೆ ಚೀಲದ ಜೊತೆ ಮೂವರೂ ಗಾಡಿ ಹತ್ತಿದೆವು. ಅಪ್ಪನ ಕಣ್ಣಿನ ಭರವಸೆಯ ಮೇಲೆ ಅವನನ್ನು ಒಬ್ಬನನ್ನೇ ಕಳಿಸಲು ಆಯಿ ಒಪ್ಪಲಿಲ್ಲ, ನನ್ನನ್ನು ಬಿಟ್ಟು ಹೋಗಲು ಅವ್ವ ಒಪ್ಪಲಿಲ್ಲ. ಎರಡು ಕಡೆ ಗಾಡಿ ಬದಲಿಸಿ ಮುಂಬಯಿ ಮುಟ್ಟಿ ಶೆಡ್ಡಿಗೆ ಹೋದಾಗ ನಾನು ಮೊದಲ ಸಲ ಸಮುದ್ರ ನೋಡಿದೆ. ಅಷ್ಟು ನೀರನ್ನು ಕಂಡು ನನಗೆ ಬಂದದ್ದು ಸಂತೋಷವಲ್ಲ, ಸಿಟ್ಟು.

ಪಾಸ್ಕಲ್ ಮಿಸ್ತ್ರಿ ಎತ್ತರದ ಮನುಷ್ಯ, ಮರಾಠಿಯಲ್ಲಿ ಮಾತಾಡುತ್ತಿದ್ದ. ಔರಾದಿನವಳಾದ ಅವ್ವನಿಗೆ ಅದು ಮನೆಮಾತಿನಷ್ಟೇ ಸಲೀಸು. ಅವನು ಒಂದೊಂದು ಗಾಲಿಯನ್ನೂ ಎತ್ತಿ, ತಿರುಗಿಸಿ, ಸರಪಳಿಗೆ ಸಿಕ್ಕಿಸಿ ತನ್ನ ಪೂರಾ ಭಾರ ಬಿಟ್ಟು ಜೋತು ನೋಡಿದ. ಹತ್ತು ನೋಡಿದ, ಹದಿನೈದು ನೋಡಿದ. ಆಮೇಲೆ ಅಪ್ಪನ ಬೆನ್ನು ತಟ್ಟಿದ.

“ಮಾರುತಿ, ಊರಿಗೆ ಹೋಗಿ ನಿನ್ನ ಕೈ ಇನ್ನೂ ಪಳಗಿದೆಯಲ್ಲ!”

ಅಪ್ಪ ಸುಮ್ಮನಿದ್ದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

“ಇದು ನನ್ನ ಕೈ ಅಲ್ಲ ಮಿಸ್ತ್ರಿ. ಇವಳದು. ನನಗೆ ಬಲಗಣ್ಣು ಹೋಗಿದೆ.”

ಶೆಡ್ಡಿನಲ್ಲಿ ಸುತ್ತಿಗೆಗಳು ನಿಂತವು. ಮಿಸ್ತ್ರಿಯ ಮುಖ ಕೆಂಪಾಯಿತು. ಕಣ್ಣು ಹೋದದ್ದನ್ನು ಮುಚ್ಚಿಟ್ಟು ಎಷ್ಟು ದಿನ ಕೆಲಸ ಮಾಡಿದೆ, ಯಾರ ಜೀವದ ಜೊತೆ ಆಟ ಆಡಿದೆ ಎಂದು ಎಲ್ಲರೆದುರು ಕೂಗಾಡಿದ. ಅಪ್ಪ ತಲೆ ತಗ್ಗಿಸಿ ನಿಂತ. ನಾನು ಅವನ ಅಂಗಿಯ ತುದಿ ಹಿಡಿದಿದ್ದೆ. ಕೂಗು ಮುಗಿಯುವವರೆಗೆ ಕಾದು ಅವ್ವ ಚೀಲದೊಳಗಿಂದ ಕೆಂಪು ದಾರದ ಪಟ್ಟಿಯನ್ನು ತೆಗೆದು ಮಿಸ್ತ್ರಿಯ ಮುಂದೆ ಇಟ್ಟಳು.

“ಕೆಟ್ಟದ್ದು ಇದೊಂದೇ. ಇದನ್ನು ದೋಣಿಗೆ ಹಾಕಬೇಡಿ. ಉಳಿದದ್ದನ್ನೆಲ್ಲ ಬಿಚ್ಚಿ ಹೊಸದಾಗಿ ಮಾಡಿದ್ದೇನೆ. ನಂಬಿಕೆ ಇಲ್ಲದಿದ್ದರೆ ಎಲ್ಲದಕ್ಕೂ ಜೋತು ನೋಡಿ.”

ಮಿಸ್ತ್ರಿ ಪಟ್ಟಿಯನ್ನು ನೋಡಿದ, ಅವಳನ್ನು ನೋಡಿದ. ಬಳಿಕ ಕಟ್ಟೆಗಳ ಮೇಲೆ ಮಲಗಿಸಿದ್ದ ಉದ್ದನೆಯ ಕಂಬವೊಂದನ್ನು ತೋರಿಸಿದ. ಅದರ ಬುಡದ ಕೊಂಡಿಗೆ ಆರು ರಿವೆಟ್, ನಾಲ್ಕು ಸಡಿಲಾಗಿದ್ದವು. ಮಾಡು, ನನ್ನ ಕಣ್ಣೆದುರಿಗೆ ಮಾಡು ಎಂದ.

ಅವ್ವ ಸೆರಗು ಸಿಕ್ಕಿಸಿ ಕಂಬದ ಪಕ್ಕ ಮಂಡಿಯೂರಿದಳು. ಗಿಡ್ಡ ಉಳಿಯಿಂದ ಮೊಳೆ ದಬ್ಬಿದಳು. ಅದು ಟೊಳ್ಳು ಕಂಬದೊಳಗೆ ಬಿದ್ದು ಗಲಗಲ ಉರುಳಿತು. ಆರೂ ತಲೆಗಳು ಒಂದೊಂದಾಗಿ ಉಂಗುರವಾಗಿ ಎದ್ದವು. ಒಂದು ರಿವೆಟ್ ಬೈರಿಗೆಯ ಜೊತೆ ತಾನೂ ಗರಗರ ತಿರುಗತೊಡಗಿತು. ಅಪ್ಪ ದೂರದಿಂದಲೇ, ನಮ್ಮ ಮಾತಿನಲ್ಲಿ, “ತಿರುಗಲತ್ತದ, ಅಂಚ ಹಿಡಿ” ಎಂದ. ಅವಳು ಉಳಿಯ ತುದಿಯಿಂದ ತಲೆಯ ಅಂಚನ್ನು ಒತ್ತಿಹಿಡಿದು ಕೊರೆದಳು. ಕೊಂಡಿ ಕಳಚಿತು. ತೂತುಗಳು ದುಂಡಗಿದ್ದವು. ಮಿಸ್ತ್ರಿ ಹೊಸ ರಿವೆಟ್ ಕೊಡಲು ಕೈ ಚಾಚಿದರೆ ಅವ್ವ ತೆಗೆದುಕೊಳ್ಳಲಿಲ್ಲ.

“ಮೊದಲು ಕಂಬ ಎತ್ತಿಸಿ. ಒಳಗೆ ಚೂರು ಬಿದ್ದಿವೆ. ಹಾಗೇ ಬಿಟ್ಟರೆ ಒಳಗಿನ ಹಗ್ಗ ಕೊಯ್ಯುತ್ತವೆ.”

ನಾಲ್ವರು ಸೇರಿ ಕಂಬದ ಒಂದು ತುದಿ ಎತ್ತಿದರು. ಅವಳ ಚೂರುಗಳ ಜೊತೆ ಹಿಂದಿನ ಎಷ್ಟೋ ವರ್ಷಗಳ ಚೂರುಗಳೂ ಉದುರಿ ನೆಲದ ಮೇಲೆ ಗುಡ್ಡೆಯಾದವು. ಮಿಸ್ತ್ರಿ ಅದನ್ನು ಕಾಲಿನಿಂದ ಸರಿಸಿ ನೋಡಿ ಮೊದಲ ಬಾರಿಗೆ ನಕ್ಕ.

ಅಪ್ಪನಿಗೆ ಶೆಡ್ಡಿನಲ್ಲಿ ಕೆಲಸ ಉಳಿಯಲಿಲ್ಲ. ಒಂದು ಕಣ್ಣಿನವನನ್ನು ಬೈರಿಗೆಯ ಮುಂದೆ ಕೂರಿಸುವುದು ಪಾಪ ಎಂದ ಮಿಸ್ತ್ರಿ. ಆದರೆ ಪ್ರತಿ ಮಳೆಗಾಲದ ಸಾಮಾನು ರೈಲಿನಲ್ಲಿ ಭಾಲ್ಕಿಗೆ ಬರುತ್ತದೆ, ಶಾಂತಾಬಾಯಿಯ ಹೆಸರಿಗೆ. ಮಾಡಿ ಕಳಿಸಿದರೆ ಸಾಕು, ಯಾರೂ ಇಲ್ಲಿಗೆ ಬರುವ ಅಗತ್ಯವಿಲ್ಲ ಎಂದ. ಹೇಳಿದ ಹಾಗೆಯೇ ನಡೆದುಕೊಂಡ. ಮುಂದಿನ ಹಂಗಾಮಿನ ಮೊದಲ ಕಂತು ಅಂತ ಆಗಲೇ ಒಂದು ಸಣ್ಣ ಚೀಲ ಕಟ್ಟಿಕೊಟ್ಟ.

ಹೊರಡುವ ಮೊದಲು ಅವನು ನಮ್ಮನ್ನು ಒಂದು ದೋಣಿಯಲ್ಲಿ ಕೂರಿಸಿ ತುಸು ದೂರ ಒಯ್ದ. ಹಾಯಿಗೆ ಗಾಳಿ ತುಂಬಿ ದೋಣಿ ಒಂದು ಕಡೆಗೆ ವಾಲಿದಾಗ ನಾನು ಕಿರುಚಿದೆ. ಹಗ್ಗ ಬಿಗಿಯಾಯಿತು, ಗಾಲಿ ಕಿರ್ರೆಂದಿತು. ಅವ್ವ ಒಂದು ಕೈಯಿಂದ ಅಪ್ಪನ ತೋಳು ಹಿಡಿದು, ಸಮುದ್ರದ ಕಡೆ ತಿರುಗಿಯೂ ನೋಡದೆ, ಇನ್ನೊಂದು ಕೈಯ ಬೆರಳನ್ನು ರಿವೆಟ್ಟಿನ ತಲೆಯ ಮೇಲೆ ಇಟ್ಟಿದ್ದಳು.

“ಹ್ಯಾಂಗದ?” ಎಂದ ಅಪ್ಪ.

“ಹಿಡದದರಿ,” ಎಂದಳು ಅವ್ವ.

ಮರುದಿನ ಬೆಳಿಗ್ಗೆ ಊರ ಕಡೆಗಿನ ಗಾಡಿಯಲ್ಲಿ ಕೂತೆವು. ಎದುರಿನ ಸೀಟಿನಲ್ಲಿ ಬಾಳೆಹಣ್ಣಿನ ಬುಟ್ಟಿಯ ಹೆಂಗಸರು, ಪಕ್ಕದಲ್ಲಿ ಜಂಗುಳಿ. ಗಾಡಿ ಘಟ್ಟ ಹತ್ತುವ ಹೊತ್ತಿಗೆ ಅಪ್ಪನಿಗೆ ನಿದ್ದೆ ಹತ್ತಿತು. ಹಾಡಹಗಲಲ್ಲಿ, ಅಷ್ಟು ಜನರೆದುರು, ಅವನ ತಲೆ ಅವ್ವನ ಭುಜದ ಮೇಲೆ ಬಿತ್ತು, ಬಾಯಿ ತುಸು ತೆರೆಯಿತು. ಕಣ್ಣಿಗೆ ಪೆಟ್ಟು ಬಿದ್ದ ದಿನದಿಂದ ಅವನು ಹೀಗೆ ಮಲಗಿರಲಿಲ್ಲವೆಂದು ಅವ್ವ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಎದುರಿನ ಹೆಂಗಸರು ನೋಡಿ ಬಾಯಿಗೆ ಸೆರಗು ಹಿಡಿದರು. ಅವ್ವನ ಕಿವಿ ಕೆಂಪಾಯಿತು, ಆದರೆ ಅವಳು ಸರಿಯಲಿಲ್ಲ. ನನಗೆ ನೀರಡಿಸಿತು. ತಂಬಿಗೆ ಅವಳ ಆಚೆ ಬದಿಗಿತ್ತು.

“ಅವ್ವಾ, ನೀರು.”

ಅವಳು ಕಣ್ಣಿನಲ್ಲೇ ತೋರಿಸಿದಳು.

“ನೀನೇ ತಗೋ. ನಾ ಅಲುಗಂಗಿಲ್ಲ.”